ಒಂದು ಮಿಲಿಮೀಟರ್ ಕನ್ನಡ

ಬೆಂಗಳೂರಿನ ಕೊಡಿಗೇಹಳ್ಳಿ ಮುಖ್ಯರಸ್ತೆಯ ಯಾವ ದಿನಸಿ ಅಂಗಡಿಗಾದರೂ ಹೋಗಿ ಗಲ್ಲಾಪೆಟ್ಟಿಗೆಯ ಪಕ್ಕದ ಕಪಾಟು ನೋಡಿ. ಶೇಂಗಾ ಚಟ್ನಿಪುಡಿ, ಅಗಸೆ ಚಟ್ನಿಪುಡಿ, ಮಾವಿನ ಮಿಡಿ ಉಪ್ಪಿನಕಾಯಿ, ಮರದ ಗಾಣದ ಎಣ್ಣೆ, ಸಿರಿಧಾನ್ಯದ ಮಾಲ್ಟ್. ಹಿಂದೆ ಇವೆಲ್ಲ ಪಿನ್ನು ಹೊಡೆದ ಪ್ಲಾಸ್ಟಿಕ್ ಕವರಿನಲ್ಲಿ, ಒಳಗೆ ತುರುಕಿದ ಝೆರಾಕ್ಸ್ ಚೀಟಿಯ ಜೊತೆ ಬರುತ್ತಿದ್ದವು. ಈಗ ಬಾಟಲಿಗೆ ಬಂದಿವೆ, ಬಾಟಲಿಯ ಮೈಗೆ ಮಿರುಗುವ ಲೇಬಲ್ ಬಂದಿದೆ. ಯಾವುದೋ ಮನೆಯ ಒಲೆಯ ಮೇಲೆ ಹುರಿದ ಪುಡಿ ಬಹುರಾಷ್ಟ್ರೀಯ ಕಂಪನಿಯ ಸಾಸಿನ ಪಕ್ಕದಲ್ಲಿ ಹೆಗಲೆಣೆಯಾಗಿ ನಿಂತಿದೆ. ಹಾಗೆ ನಿಲ್ಲುವ ಧೈರ್ಯ ಅದಕ್ಕೆ ಒಳಗಿನ ರುಚಿಯಿಂದ ಬಂದದ್ದು ಎಷ್ಟೋ, ಹೊರಗಿನ ಅಂಟುಕಾಗದದಿಂದ ಬಂದದ್ದೂ ಅಷ್ಟೇ.

ಆ ಬಾಟಲಿಯನ್ನು ತಿರುಗಿಸಿ. ತಯಾರಕರ ಹೆಸರು, ವಿಳಾಸ, ಪದಾರ್ಥಗಳ ಪಟ್ಟಿ, ಪೋಷಕಾಂಶಗಳ ಕೋಷ್ಟಕ, ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ, ಗ್ರಾಮಿಗೆ ಎಷ್ಟು ಬಿತ್ತು ಎಂಬ ಬಿಡಿ ದರ, ತಯಾರಾದ ದಿನ, ಬಳಸಬೇಕಾದ ಅವಧಿ, ಬ್ಯಾಚ್ ಸಂಖ್ಯೆ, 14 ಅಂಕಿಯ ಆಹಾರ ಪರವಾನಗಿ ಸಂಖ್ಯೆ, ಹಸಿರು ಚೌಕದೊಳಗಿನ ಹಸಿರು ಚುಕ್ಕೆ, ದೂರು ಹೇಳಲು ಫೋನ್ ನಂಬರ್, 890ರಿಂದ ಶುರುವಾಗುವ ಬಾರ್‌ಕೋಡ್. ಅಂಗೈ ಅಗಲದ ಕಾಗದದಲ್ಲಿ ಇಷ್ಟೂ ಕೂತಿವೆ. ಕೂರದೆ ಹೊರಗುಳಿದದ್ದು ಬಹುಪಾಲು ಬಾಟಲಿಗಳಲ್ಲಿ ಒಂದೇ: ಕನ್ನಡ. ಮುಂಭಾಗದಲ್ಲಿ ಬ್ರ್ಯಾಂಡಿನ ಹೆಸರು ಕನ್ನಡದಲ್ಲಿ ಇದ್ದೀತು. ಹಿಂಭಾಗದಲ್ಲಿ, ಅಂದರೆ ಓದಲೇಬೇಕಾದ ಕಡೆ, ಇರುವುದಿಲ್ಲ.

ಏಕೆ ಎಂದು ಕೇಳಿದರೆ: ಜಾಗ ಇಲ್ಲ, ಖರ್ಚು ಹೆಚ್ಚು, ಅಚ್ಚಿಗೆ ಬೇರೆ ಪ್ಲೇಟ್ ಬೇಕು. ಈ ಮೂರು ಉತ್ತರಗಳು ಬಹಳ ವರ್ಷ ನಡೆದವು. ಲೇಬಲ್ ಉದ್ಯಮ ಈಚೆಗೆ ಯಾವ ಕಡೆ ತಿರುಗಿದೆ ಎಂದು ನೋಡಿದರೆ ಖರ್ಚಿನ ಮಾತೂ ಪ್ಲೇಟಿನ ಮಾತೂ ಇನ್ನು ನಿಲ್ಲುವುದಿಲ್ಲ. ಜಾಗದ ಮಾತಿಗೆ ಮಾತ್ರ ಸ್ವಲ್ಪ ತೂಕವಿದೆ, ಅದೂ ಹೇಳುವವರು ಅಂದುಕೊಂಡ ಕಾರಣಕ್ಕಲ್ಲ.

ತಗಡಿನಿಂದ ಅಂಟಿಗೆ

ಬೆಂಗಳೂರಿನ ಈ ಉತ್ತರದ ಮಗ್ಗುಲಿಗೆ ಲೇಬಲ್ ಹೊಸದಲ್ಲ. 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಜಾಲಹಳ್ಳಿಯಲ್ಲಿ ಬೇರೂರಿದ ಕಾಲಕ್ಕೆ ಯಂತ್ರದ ಲೇಬಲ್ ಎಂದರೆ ಅಲ್ಯುಮಿನಿಯಂ ತಗಡು. ಅದರ ಮೇಲೆ ಸ್ಕ್ರೀನ್ ಪ್ರಿಂಟ್ ಮಾಡಿ ನಾಲ್ಕು ಮೂಲೆಗೆ ರಿವೆಟ್ ಹೊಡೆಯುತ್ತಿದ್ದರು. ಕೊಡಿಗೇಹಳ್ಳಿಯಿಂದ ವಿದ್ಯಾರಣ್ಯಪುರ, ಬಿಇಎಲ್ ವೃತ್ತ, ಜಾಲಹಳ್ಳಿ ಹಾದು ಪೀಣ್ಯಕ್ಕೆ ಹೋದರೆ ಅಂಥ ನೇಮ್‌ಪ್ಲೇಟ್ ಅಂಗಡಿಗಳು ಇವತ್ತಿಗೂ ಕಾಣುತ್ತವೆ. ಯಶವಂತಪುರದ ಮಗ್ಗುಲಲ್ಲಿ ಗಂಧದ ಸೋಪಿನ ಕಾರ್ಖಾನೆ. 1918ರಿಂದ ಬಂದ ಮೈಸೂರು ಸ್ಯಾಂಡಲ್ ಸೋಪಿಗೆ ಅದರ ಪೆಟ್ಟಿಗೆಯೇ ಗುರುತು. ಸಿಂಹದ ದೇಹ, ಆನೆಯ ಸೊಂಡಿಲಿನ ಶರಭ ಅದರ ಮುದ್ರೆ. ಆ ಪೆಟ್ಟಿಗೆಯ ಬೆಲೆ ಎಷ್ಟೆಂದು 2024ರ ಜನವರಿಯಲ್ಲಿ ಗೊತ್ತಾಯಿತು. ಹೈದರಾಬಾದಿನಲ್ಲಿ ನಕಲಿ ಮೈಸೂರು ಸ್ಯಾಂಡಲ್ ಸೋಪು ಮಾಡುತ್ತಿದ್ದವರನ್ನು ಹಿಡಿದಾಗ ಸಿಕ್ಕ ಮಾಲಿನ ಮೌಲ್ಯ ಸುಮಾರು 2 ಕೋಟಿ ರೂಪಾಯಿ. ಗಂಧದೆಣ್ಣೆಯನ್ನು ನಕಲು ಮಾಡುವುದು ಕಷ್ಟ, ಪೆಟ್ಟಿಗೆಯನ್ನು ನಕಲು ಮಾಡುವುದು ಸುಲಭ. ಒಳ್ಳೆಯ ಮುದ್ರಣ ಅಗ್ಗವಾದಷ್ಟೂ ಕಳ್ಳನಿಗೂ ಅಗ್ಗ. ಹಾಗಾಗಿಯೇ ಮದ್ಯದ ಬಾಟಲಿಯ ಮುಚ್ಚಳದ ಮೇಲೆ ಅಬಕಾರಿ ಇಲಾಖೆಯ ಚೀಟಿ ಬೇರೆ ಕೂತಿದೆ. 2023ರ ಆಗಸ್ಟ್ 1ರಿಂದ ದೇಶದಲ್ಲಿ ಹೆಚ್ಚು ಮಾರಾಟವಾಗುವ 300 ಔಷಧ ಬ್ರ್ಯಾಂಡುಗಳಿಗೆ ಕ್ಯೂಆರ್ ಕೋಡ್ ಅಥವಾ ಬಾರ್‌ಕೋಡ್ ಕಡ್ಡಾಯವಾದದ್ದೂ ಇದೇ ಭಯಕ್ಕೆ.

ಅಂಟುಲೇಬಲ್ ಹುಟ್ಟಿದ್ದು 1935ರಲ್ಲಿ, ಅಮೆರಿಕದ ಲಾಸ್ ಏಂಜಲೀಸಿನಲ್ಲಿ. ಸ್ಟಾಂಟನ್ ಏವರಿ ಎಂಬ ಯುವಕ, ಮುಂದೆ ತನ್ನ ಹೆಂಡತಿಯಾಗಲಿದ್ದವಳಿಂದ 100 ಡಾಲರ್ ಸಾಲ ಪಡೆದು, ಬಟ್ಟೆ ಒಗೆಯುವ ಯಂತ್ರದ ಮೋಟಾರು ಮತ್ತು ಹೊಲಿಗೆ ಯಂತ್ರದ ಬಿಡಿಭಾಗಗಳನ್ನು ಜೋಡಿಸಿ ಅದನ್ನು ಮಾಡಿದ. ನೀರು, ಗೋಂದು, ಕುಂಚ ಯಾವುದೂ ಬೇಡ; ಸುಲಿದು ಒತ್ತಿದರೆ ಆಯಿತು. ಇವತ್ತಿನ ಲೇಬಲ್ ಕಾಗದದ ರಚನೆಯೂ ಅದೇ. ಮೇಲೆ ಅಚ್ಚಾಗುವ ಹಾಳೆ. ಅದು ಹೊಳಪಿನ ಕ್ರೋಮೋ ಕಾಗದವೋ ಪಿಪಿ ಪ್ಲಾಸ್ಟಿಕ್ಕಿನ ಫಿಲಮ್ಮೋ ಆಗಿರಬಹುದು. ಅದರ ಬೆನ್ನಿಗೆ ಅಂಟು. ಅಂಟಿನ ಕೆಳಗೆ ಸಿಲಿಕೋನ್ ಸವರಿದ ನುಣುಪು ಕಾಗದ, ಈ ಕಸುಬಿನವರ ಮಾತಿನಲ್ಲಿ ಲೈನರ್. ಇದರ ದೊಡ್ಡ ರೋಲನ್ನು ಕೊಂಡುಕೊಂಡು, ಅಚ್ಚು ಹಾಕಿ, ಆಕಾರಕ್ಕೆ ಕತ್ತರಿಸಿ, ಬೇಕಾದ ಅಗಲಕ್ಕೆ ಸೀಳಿ, ಸಣ್ಣ ಕೋರಿಗೆ ಸುತ್ತಿ ಕೊಡುವವರೇ ಲೇಬಲ್ ಕನ್ವರ್ಟರುಗಳು. ಪೀಣ್ಯದಲ್ಲಿ ಇಂಥವರ ಘಟಕ ಎಂದರೆ ಒಂದು ಶೆಡ್ಡು, ಒಂದೆರಡು ಯಂತ್ರ, ತಪಾಸಣೆಗೆ ಒಂದು ರಿವೈಂಡರ್, ಗೋಡೆಯುದ್ದಕ್ಕೂ ಲೇಬಲ್ ಕತ್ತರಿಸುವ ಡೈಗಳ ಕಪಾಟು. ಹೆಸರು ಹೇಳಿದರೆ ಯಾರಿಗೂ ಗೊತ್ತಿರುವುದಿಲ್ಲ. ಅವರು ಅಚ್ಚು ಹಾಕಿದ ಹೆಸರುಗಳು ಮಾತ್ರ ಮನೆಮನೆಯಲ್ಲೂ ಇರುತ್ತವೆ.

ಲಾಟ್ ಸಣ್ಣದಾಯಿತು

ಈ ಉದ್ಯಮವನ್ನು ಈಗ ಅಲುಗಾಡಿಸುತ್ತಿರುವ ಸಂಗತಿ ಯಾವುದು ಎಂದು ಕೇಳಿದರೆ ನನ್ನ ಉತ್ತರ ಒಂದೇ: ಲಾಟ್, ಅಂದರೆ ಒಂದು ಸಲಕ್ಕೆ ಅಚ್ಚಾಗುವ ಲೇಬಲ್ಲಿನ ಪ್ರಮಾಣ, ಸಣ್ಣದಾಗಿದೆ. ಮೊದಲು ಒಂದು ಉಪ್ಪಿನಕಾಯಿಗೆ ಒಂದೇ ಲೇಬಲ್, ಒಮ್ಮೆ ಅಚ್ಚಾದರೆ ವರ್ಷಗಟ್ಟಲೆ ಬರುತ್ತಿತ್ತು. ಈಗ ಅದೇ ಉಪ್ಪಿನಕಾಯಿಯಲ್ಲಿ ಬೆಳ್ಳುಳ್ಳಿ ಹಾಕಿದ್ದು, ಹಾಕದ್ದು, ಎಣ್ಣೆ ಕಡಿಮೆ ಇರುವುದು, ಬೆಲ್ಲದ್ದು. 100 ಗ್ರಾಂ, 250 ಗ್ರಾಂ, ಉಡುಗೊರೆ ಪೆಟ್ಟಿಗೆಯದ್ದು ಬೇರೆ. ಆನ್‌ಲೈನ್ ಮಾರಾಟದವರು, ಹತ್ತು ನಿಮಿಷದಲ್ಲಿ ಮನೆಗೆ ತಲುಪಿಸುವವರು ಹೊಸ ಬಗೆ ಕೇಳುತ್ತಲೇ ಇರುತ್ತಾರೆ. ಒಟ್ಟು ಲೇಬಲ್ ಹೆಚ್ಚಾಗಿದೆ, ಒಂದೊಂದರ ಸಂಖ್ಯೆ ಇಳಿದಿದೆ.

ಇದು ಯಂತ್ರಕ್ಕೆ ಏನು ಮಾಡುತ್ತದೆ ನೋಡಿ. ರೋಲಿನಲ್ಲಿ ಲೇಬಲ್ ಅಚ್ಚಾಗುವ ಮುಖ್ಯ ವಿಧಾನ ಫ್ಲೆಕ್ಸೊ. ರಬ್ಬರಿನಂತೆ ಬಾಗುವ ಪಾಲಿಮರ್ ಪ್ಲೇಟು, ಬಣ್ಣಕ್ಕೊಂದು ಪ್ಲೇಟು. ಸಣ್ಣ ಗುಂಡಿಗಳಿರುವ ಅನಿಲಾಕ್ಸ್ ರೋಲರ್ ಶಾಯಿಯನ್ನು ಅಳೆದು ಪ್ಲೇಟಿಗೆ ಕೊಡುತ್ತದೆ, ಪ್ಲೇಟು ಕಾಗದಕ್ಕೆ ಒತ್ತುತ್ತದೆ, ಯುವಿ ದೀಪ ಅದನ್ನು ಕ್ಷಣದಲ್ಲಿ ಒಣಗಿಸುತ್ತದೆ. ಓಡಲು ಶುರುವಾದ ಮೇಲೆ ತಡೆಯಿಲ್ಲ. ಆದರೆ ಶುರುವಾಗುವ ಮುನ್ನ ಬಣ್ಣದ ಮೇಲೆ ಬಣ್ಣ ಸರಿಯಾಗಿ ಕೂರಬೇಕು, ಶೇಡ್ ಹೊಂದಬೇಕು, ಡೈನ ಒತ್ತಡ ಲೈನರಿಗೆ ತಾಗದಂತೆ ಲೇಬಲನ್ನಷ್ಟೇ ಕತ್ತರಿಸಬೇಕು. ಅಷ್ಟರವರೆಗೆ ಓಡಿದ್ದೆಲ್ಲ ಸೆಟ್ಟಿಂಗ್ ವೇಸ್ಟ್. ಒಂದು ಲೆಕ್ಕ ಹಾಕೋಣ. ಸೆಟ್ಟಿಂಗಿಗೆ 100 ಮೀಟರ್ ಹೋಯಿತು ಎಂದುಕೊಳ್ಳಿ. ಕೆಲಸ 5,000 ಮೀಟರಿನದ್ದಾದರೆ ಅದು ಶೇ 2. ಕೆಲಸ 500 ಮೀಟರಿನದ್ದಾದರೆ ಶೇ 20. ಆ ಶೇ 20ರ ಕಾಗದ, ಶಾಯಿ, ಕರೆಂಟು, ಆಪರೇಟರನ ಸಮಯ ಯಾರ ಲೆಕ್ಕಕ್ಕೆ? ಚಟ್ನಿಪುಡಿಯವರ ಬಳಿ ಕೇಳಲಾಗದು, ಕೇಳಿದರೆ ಪಕ್ಕದ ಶೆಡ್ಡಿಗೆ ಹೋಗುತ್ತಾರೆ.

ಇದಕ್ಕೆ ಉತ್ತರವಾಗಿ ಬಂದದ್ದು ಡಿಜಿಟಲ್ ಯಂತ್ರ. ಇಸ್ರೇಲಿನ ಬೆನ್ನಿ ಲಾಂಡಾ 1993ರಲ್ಲಿ ಇಂಡಿಗೋ ಯಂತ್ರವನ್ನು ಲೋಕಕ್ಕೆ ತೋರಿಸಿದಾಗ ಅದು ಶ್ರೀಮಂತರ ಆಟಿಕೆ. ಈಗ ಟೋನರಿನವೂ ಯುವಿ ಇಂಕ್‌ಜೆಟ್‌ನವೂ ಸೇರಿ ಹಲವು ಬಗೆಯ ಯಂತ್ರಗಳು ಭಾರತದ ಲೇಬಲ್ ಘಟಕಗಳಲ್ಲಿವೆ. ಪ್ಲೇಟೇ ಇಲ್ಲ. ಕಂಪ್ಯೂಟರಿನಿಂದ ಫೈಲ್ ಕಳಿಸಿದರೆ ಮೊದಲ ಲೇಬಲ್ಲೇ ಸರಿಯಾಗಿ ಬರುತ್ತದೆ. ಎರಡನೆಯದು ಬೇರೆ ಹೆಸರಿನದ್ದಾದರೂ ಯಂತ್ರಕ್ಕೆ ವ್ಯತ್ಯಾಸವಿಲ್ಲ. ಆದರೆ ಇದೂ ಧರ್ಮಕ್ಕೆ ಬಂದದ್ದಲ್ಲ. ಯಂತ್ರದ ಸಾಲದ ಕಂತು ಇದೆ, ಶಾಯಿ ದುಬಾರಿ, ಕೆಲವು ಯಂತ್ರಗಳಿಗೆ ಒತ್ತಿದ ಪ್ರತಿ ಅಚ್ಚಿಗೂ ಕಂಪನಿಗೆ ಕ್ಲಿಕ್ ಶುಲ್ಕ ಕಟ್ಟಬೇಕು. ದೊಡ್ಡ ಲಾಟಿಗೆ ಫ್ಲೆಕ್ಸೊ, ಸಣ್ಣದಕ್ಕೆ ಡಿಜಿಟಲ್ ಎಂಬುದು ಸುಲಭದ ಮಾತು. ಎರಡನ್ನೂ ಇಟ್ಟುಕೊಳ್ಳುವ ಶಕ್ತಿ ಎಷ್ಟು ಶೆಡ್ಡಿಗಿದೆ ಎಂಬುದು ಕಷ್ಟದ ಪ್ರಶ್ನೆ.

ಕಷ್ಟದ ಪಟ್ಟಿ ಅಲ್ಲಿಗೇ ಮುಗಿಯುವುದಿಲ್ಲ. 2022ರ ಜನವರಿ 1ರಂದು ಫಿನ್ಲೆಂಡಿನ ಯುಪಿಎಂ ಕಾಗದ ಕಾರ್ಖಾನೆಗಳಲ್ಲಿ ಶುರುವಾದ ಮುಷ್ಕರ ಏಪ್ರಿಲ್ 22ರವರೆಗೆ, 112 ದಿನ ನಡೆಯಿತು. ಜಗತ್ತಿನ ಲೇಬಲ್ ಕಾಗದದ ಮತ್ತು ಲೈನರಿಗೆ ಬೇಕಾದ ಕಾಗದದ ದೊಡ್ಡ ಪಾಲು ಅಲ್ಲಿಂದಲೇ ಬರುವುದು. ಕೋವಿಡ್ಡಿನ ಹಡಗು ಸಾಗಣೆಯ ಗೊಂದಲ ಇನ್ನೂ ಆರಿರಲಿಲ್ಲ. ಹಿಮದ ನಾಡಿನ ಕಾರ್ಮಿಕರು ಕೈಕಟ್ಟಿ ಕೂತರೆ ಇಲ್ಲಿ ಉಪ್ಪಿನಕಾಯಿ ಬಾಟಲಿ ಲೇಬಲ್ಲಿಗೆ ಕಾಯಬೇಕಾಗುತ್ತದೆ ಎಂಬುದು ಈ ಕಸುಬು ಆ ವರ್ಷ ಕಲಿತ ಪಾಠ.

ಹಣದ ಪಾಠ ಇನ್ನೂ ಹಳೆಯದು. ಕಾಗದ ಕೊಡುವವನಿಗೆ ಬೇಗ ದುಡ್ಡು ಕೊಡಬೇಕು, ಲೇಬಲ್ ಕೊಂಡ ದೊಡ್ಡ ಕಂಪನಿ ತಿಂಗಳುಗಟ್ಟಲೆ ಕೊಡುವುದಿಲ್ಲ. 2006ರ ಎಂಎಸ್‌ಎಂಇ ಕಾಯ್ದೆಯಲ್ಲಿ 45 ದಿನದ ಗಡುವು ಇದ್ದೇ ಇತ್ತು, ಹೆದರಿಕೆ ಇರಲಿಲ್ಲ. ಈಚೆಗೆ ಆದಾಯ ತೆರಿಗೆ ಕಾಯ್ದೆಗೆ 43ಬಿ(ಎಚ್) ಸೇರಿತು: ಸಣ್ಣ ಘಟಕಕ್ಕೆ ಗಡುವಿನೊಳಗೆ ಹಣ ಕೊಡದಿದ್ದರೆ, ಅದನ್ನು ಕೊಟ್ಟ ವರ್ಷದವರೆಗೂ ಆ ಖರ್ಚನ್ನು ಆದಾಯದಿಂದ ಕಳೆಯುವಂತಿಲ್ಲ. ಒಳ್ಳೆಯ ಕಾನೂನು. ಅದರಿಂದ ತಪ್ಪಿಸಿಕೊಳ್ಳಲು ಸಣ್ಣವರನ್ನೇ ಬಿಟ್ಟು ಮಧ್ಯಮ ಗಾತ್ರದವರ ಬಳಿ ಕೊಳ್ಳುವ ದಾರಿಯೂ ಖರೀದಿದಾರರಿಗೆ ತೆರೆದೇ ಇದೆ.

ಆಪರೇಟರುಗಳು ಸಿಗುವುದಿಲ್ಲ ಎಂಬ ಮಾತು ಎಲ್ಲ ಕಡೆಯೂ ಇರುವಂಥದ್ದೇ. ಮಣಿಪಾಲದಲ್ಲಿ ಮುದ್ರಣ ತಂತ್ರಜ್ಞಾನ ಓದಿದವರು ಆಫೀಸಿಗೆ ಹೋಗುತ್ತಾರೆ, ಯಂತ್ರದ ಬಳಿ ಬರುವವರು ಸಹಾಯಕರಾಗಿ ಸೇರಿ ನೋಡಿ ಕಲಿತವರು. ಕಲಿತ ಕೂಡಲೇ ಕೊಲ್ಲಿ ದೇಶಕ್ಕೆ ಹೋದರೆ ಅವರನ್ನು ಬೈಯುವಂತಿಲ್ಲ.

ಉಳಿದ ಕಾಗದ

ಲೇಬಲ್ ಅಂಟಿಸಿದ ಮೇಲೆ ಏನು ಉಳಿಯಿತು ಎಂದು ನಾವು ನೋಡುವುದಿಲ್ಲ, ಏಕೆಂದರೆ ಅದು ನಮ್ಮ ಮನೆಗೆ ಬರುವುದಿಲ್ಲ. ಹಿಟ್ಟು ಲಟ್ಟಿಸಿ ಬಟ್ಟಲಿನಿಂದ ಒತ್ತಿ ದುಂಡು ಪೂರಿ ತೆಗೆದ ಹಾಗೆ ಡೈ ಲೇಬಲನ್ನು ಕತ್ತರಿಸುತ್ತದೆ; ಸುತ್ತ ಉಳಿದ ಹಿಟ್ಟನ್ನು ಮತ್ತೆ ನಾದಬಹುದು, ಇಲ್ಲಿ ಉಳಿದ ಜಾಲರಿಯನ್ನು ಸುಲಿದು ಬಿಸಾಡಬೇಕು. 50 ಮಿ.ಮೀ. ವ್ಯಾಸದ ದುಂಡು ಲೇಬಲ್ಲಿಗೆ ನಡುವೆ 3 ಮಿ.ಮೀ. ಬಿಟ್ಟರೆ ಕಾಗದದ ಶೇ 30ರಷ್ಟು ಜಾಲರಿಗೇ ಹೋಯಿತು. ಇಷ್ಟಾದ ಮೇಲೆ ಲೈನರ್ ಪೂರ್ತಿ ಉಳಿಯುತ್ತದೆ: ಲೇಬಲ್ ಎಷ್ಟು ಉದ್ದವೋ ಅದೂ ಅಷ್ಟುದ್ದ. ಜಾಲರಿಯಲ್ಲಿ ಅಂಟಿದೆ, ಲೈನರಿನಲ್ಲಿ ಸಿಲಿಕೋನ್ ಇದೆ. ಕಾಗದದ ಗಿರಣಿಗೆ ಎರಡೂ ತಲೆನೋವು. ಲೈನರನ್ನು ಮರಳಿ ಪಡೆಯುವ ಯೋಜನೆಗಳನ್ನು ಕಾಗದ ಕಂಪನಿಗಳು ನಡೆಸುತ್ತಿವೆ. ಆದರೆ ರೋಲುಗಟ್ಟಲೆ ಒಂದೇ ಕಡೆ ಸಿಕ್ಕರೆ ಮಾತ್ರ ಅದು ಕೈಗೂಡುತ್ತದೆ. ಸಹಕಾರನಗರದ ಹತ್ತು ಅಡುಗೆಮನೆಗಳಲ್ಲಿ ಚದುರಿ ಬಿದ್ದ ಲೈನರನ್ನು ಯಾರು ಆರಿಸುತ್ತಾರೆ? ಸಿಮೆಂಟ್ ಗೂಡಿನ ಉರುವಲಾದರೆ ಪುಣ್ಯ, ಇಲ್ಲದಿದ್ದರೆ ಕಸದ ಗುಡ್ಡೆ. ಲಾಟ್ ಸಣ್ಣದಾದದ್ದರ ಬೆಲೆಯನ್ನು ಹೀಗೆ ಊರೂ ಕೊಡುತ್ತಿದೆ.

ಹಳೆಯ ವಿಧಾನ ಜಾಣತನದಿಂದ ಉಳಿದಿರುವ ಕಡೆಯೂ ಒಂದಿದೆ, ಅದು ಬಿಯರ್ ಬಾಟಲಿ. ಅದಕ್ಕೆ ಇವತ್ತಿಗೂ ಸಾದಾ ಕಾಗದದ ಲೇಬಲ್, ಗೋಂದು ಹಚ್ಚಿ ಅಂಟಿಸುವಂಥದ್ದು. ಲೈನರ್ ಇಲ್ಲ. ಕಾರಣ, ಬಾಟಲಿ ಗುಜರಿಯ ಮೂಲಕ ಕಾರ್ಖಾನೆಗೆ ಮರಳುತ್ತದೆ; ಬಿಸಿ ಕಾಸ್ಟಿಕ್ ಸೋಡಾ ನೀರಿನಲ್ಲಿ ಮುಳುಗಿದಾಗ ಲೇಬಲ್ ಹಾಳೆಯಾಗಿಯೇ ಕಳಚಿಕೊಳ್ಳಬೇಕು, ಬಣ್ಣ ನೀರಿಗೆ ಬಿಡಬಾರದು. ಚೆನ್ನಾಗಿ ಅಂಟಬೇಕು, ಚೆನ್ನಾಗಿ ಬಿಡಲೂಬೇಕು. ಕುಡಿಯುವವರಿಗೆ ಗೊತ್ತಿಲ್ಲದ ಈ ಎರಡನೆಯ ಗುಣವೇ ಹೆಚ್ಚಿನ ಕೌಶಲದ್ದು.

ಶಾಯಿಯ ಬಗೆಗೂ ಒಂದು ಮಾತು. 2005ರಲ್ಲಿ ಇಟಲಿಯಲ್ಲಿ ಮಕ್ಕಳ ಹಾಲಿನಲ್ಲಿ ಐಟಿಎಕ್ಸ್ ಎಂಬ ರಾಸಾಯನಿಕ ಸಿಕ್ಕಿತು. ಪೊಟ್ಟಣದ ಹೊರಗಿನ ಯುವಿ ಶಾಯಿಯಿಂದ ಅದು ಒಳಕ್ಕೆ ಬಂದಿತ್ತು. ನಮ್ಮ 2018ರ ಆಹಾರ ಪ್ಯಾಕೇಜಿಂಗ್ ನಿಯಮ ಶಾಯಿ ಐಎಸ್ 15495 ಮಾನಕಕ್ಕೆ ಒಪ್ಪಬೇಕು ಎನ್ನುತ್ತದೆ. ಲೇಬಲ್ ಮಾಡಿಸುವ ಸಣ್ಣ ತಯಾರಕರು ಡಿಸೈನು ಕೇಳುತ್ತಾರೆ, ದರ ಕೇಳುತ್ತಾರೆ. ಶಾಯಿ ಯಾವುದು ಎಂದೂ ಕೇಳಬೇಕು.

ಕಾನೂನು ಬರೆದದ್ದು, ಬರೆಯದ್ದು

ಪ್ಯಾಕೆಟ್ಟಿನ ಮೇಲೆ ಏನಿರಬೇಕು ಎಂದು ಹೇಳುವುದು 2011ರ ಕಾನೂನು ಮಾಪನಶಾಸ್ತ್ರ ನಿಯಮಗಳು ಮತ್ತು ಆಹಾರಕ್ಕಾದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) 2020ರ ಲೇಬಲಿಂಗ್ ನಿಯಮಗಳು. ಎಷ್ಟು ಬಿಗಿ ಎಂದರೆ ಅಕ್ಷರದ ಅಗಲ ಅದರ ಎತ್ತರದ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಇರಕೂಡದು ಎಂದೂ ಬರೆದಿದೆ. ಕಡ್ಡಾಯ ಮಾಹಿತಿಯನ್ನು ತಿದ್ದಲು ಮೇಲೊಂದು ಬಿಡಿ ಸ್ಟಿಕರ್ ಹಚ್ಚುವಂತಿಲ್ಲ. ಬೆಲೆ ಇಳಿಸಿದ್ದರೆ ಹಚ್ಚಬಹುದು, ಆಗಲೂ ಹಳೆಯ ಬೆಲೆ ಮುಚ್ಚಬಾರದು. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ, 2025ರ ಸೆಪ್ಟೆಂಬರ್ 22ರಂದು ದರಗಳು ಬದಲಾದಾಗ ಹಳೆಯ ದಾಸ್ತಾನಿಗೆ ಹೊಸ ಬೆಲೆ ನಮೂದಿಸಲು ಕೇಂದ್ರ ವಿನಾಯಿತಿ ಕೊಡಬೇಕಾಯಿತು. ತೆರಿಗೆ ಬದಲಾದ ರಾತ್ರಿ ನಿದ್ದೆಗೆಡುವವರಲ್ಲಿ ಲೇಬಲ್ಲಿನವರೂ ಇದ್ದಾರೆ.

ಕರ್ನಾಟಕದ ಕೋರ್ಟಿಗೂ ಲೇಬಲ್ ಗೊತ್ತು. ತಂಬಾಕು ಪೊಟ್ಟಣದ ಶೇ 85 ಭಾಗವನ್ನು ಎಚ್ಚರಿಕೆಯ ಚಿತ್ರ ಆವರಿಸಬೇಕೆಂಬ ನಿಯಮವನ್ನು 2017ರ ಡಿಸೆಂಬರಿನಲ್ಲಿ ನಮ್ಮ ಹೈಕೋರ್ಟು ರದ್ದು ಮಾಡಿತು. 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ಕೊಟ್ಟಿತು. ಚಿತ್ರ ಉಳಿಯಿತು.

ಇಷ್ಟೆಲ್ಲ ಬಿಗಿಯ ನಡುವೆ ಭಾಷೆಯ ವಿಷಯಕ್ಕೆ ಬಂದರೆ ಕೇಂದ್ರದ ಎರಡೂ ನಿಯಮಗಳು ಹೇಳುವುದು ಒಂದೇ: ಇಂಗ್ಲಿಷ್ ಅಥವಾ ದೇವನಾಗರಿಯ ಹಿಂದಿ. ಬೇರೆ ಭಾಷೆ ಬೇಕಿದ್ದರೆ ಜೊತೆಗೆ ಹಾಕಿಕೊಳ್ಳಿ. ಹಾಕಿಕೊಳ್ಳುವುದೂ ಎಷ್ಟು ಸೂಕ್ಷ್ಮ ಎಂದು 2023ರ ಮಾರ್ಚಿನಲ್ಲಿ ಕಂಡೆವು. ನಂದಿನಿ ಮೊಸರಿನ ಪ್ಯಾಕೆಟ್ಟಿನಲ್ಲಿ ‘ದಹಿ’ ಎಂದು ದೊಡ್ಡದಾಗಿ ಬರೆದು ‘ಮೊಸರು’ ಎಂಬುದನ್ನು ಆವರಣದಲ್ಲಿ ಹಾಕಿ ಎಂದು ಎಫ್‌ಎಸ್‌ಎಸ್‌ಎಐ ಸೂಚನೆ ಬಂತು. ಕರ್ನಾಟಕ, ತಮಿಳುನಾಡು ಎರಡೂ ಕಡೆ ಕೂಗೆದ್ದು ಮಾರ್ಚ್ 30ಕ್ಕೆ ಅದನ್ನು ಹಿಂತೆಗೆದುಕೊಳ್ಳಬೇಕಾಯಿತು.

ರಾಜ್ಯದ ಕಡೆಯಿಂದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ 2022 ಇದೆ. ಇಲ್ಲಿ ತಯಾರಾಗಿ ಇಲ್ಲಿ ಮಾರಾಟವಾಗುವ ಸರಕಿನ ಮೇಲೆ ಹೆಸರು ಮತ್ತು ಬಳಕೆಯ ಸೂಚನೆ ಕನ್ನಡದಲ್ಲೂ ಇರಬೇಕು ಎಂಬುದು ಅದರ ಆಶಯ. 2025ರ ಆರಂಭದಲ್ಲಿ ಸರ್ಕಾರ ಅದನ್ನು ನೆನಪಿಸಿ ಆದೇಶವನ್ನೂ ಹೊರಡಿಸಿತು. ಅಂಗಡಿಯ ಬೋರ್ಡಿನ ಶೇ 60 ಕನ್ನಡಕ್ಕೆ ಬೀದಿಯಲ್ಲಿ ಗಲಾಟೆ ಆಯಿತು. ಪ್ಯಾಕೆಟ್ಟಿನ ಕನ್ನಡಕ್ಕೆ ಆ ಸದ್ದಿಲ್ಲ. ಬೋರ್ಡು ರಸ್ತೆಗೆ ಕಾಣುತ್ತದೆ, ಲೇಬಲಿನ ಬೆನ್ನು ಅಡುಗೆಮನೆಯ ಕಪಾಟಿನಲ್ಲಿ ಗೋಡೆಗೆ ಮುಖ ಮಾಡಿ ಕೂತಿರುತ್ತದೆ. ನನ್ನನ್ನು ಕೇಳಿದರೆ ಬೋರ್ಡಿಗಿಂತ ಇದೇ ಮುಖ್ಯ. ಅಂಗಡಿಯ ಹೆಸರು ಓದಲಾಗದಿದ್ದರೆ ಏನೂ ಕೆಡುವುದಿಲ್ಲ; ಶೇಂಗಾ ಆಗದ ಮಗುವಿನ ತಾಯಿಗೆ ಪದಾರ್ಥಗಳ ಪಟ್ಟಿ ಓದಲಾಗದಿದ್ದರೆ ಕೆಡುತ್ತದೆ.

ಕೊಡಿಗೇಹಳ್ಳಿಗೆ ಅಂಟಿಕೊಂಡಂತಿರುವ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಕೃಷಿ ಮೇಳ ನಡೆಯುತ್ತದಲ್ಲ, ಅಲ್ಲಿ ಕೀಟನಾಶಕದ ಮಳಿಗೆಗಳಲ್ಲಿ ಒಂದು ಡಬ್ಬಿ ಎತ್ತಿ ನೋಡಿ. 1971ರ ಕೀಟನಾಶಕ ನಿಯಮಗಳ ಪ್ರಕಾರ ಅದರ ಲೇಬಲ್ ಮತ್ತು ಕರಪತ್ರ ಹಿಂದಿ, ಇಂಗ್ಲಿಷ್ ಜೊತೆಗೆ ಅದು ಮಾರಾಟವಾಗುವ ಪ್ರದೇಶದ ಒಂದೆರಡು ಭಾಷೆಗಳಲ್ಲಿ ಇರಲೇಬೇಕು. ಅಂಗೈಯಷ್ಟು ಬಾಟಲಿಗೂ ಮಡಚಿದ ಪುಸ್ತಿಕೆಯಂಥ ಲೇಬಲ್ ಮಾಡಿ ಜಾಗ ಹುಡುಕಿಕೊಂಡಿದ್ದಾರೆ. ಕೇಂದ್ರದ ನಿಯಮಗಳಲ್ಲಿ ವಿಷದ ಮೇಲೆ ಕನ್ನಡ ಕಡ್ಡಾಯ, ಅನ್ನದ ಮೇಲೆ ಐಚ್ಛಿಕ. ಐವತ್ತು ವರ್ಷಕ್ಕೂ ಹಿಂದೆ ಆ ನಿಯಮ ಬರೆದವರಿಗೆ ಓದುವವನ ಜೀವದ ಚಿಂತೆ ಇತ್ತು. ಆಹಾರದ ನಿಯಮ ಬರೆದವರು ಓದುವವನನ್ನು ಮರೆತರು.

ಇದೇ ಜಾಗದ ಮಾತನ್ನು ದೊಡ್ಡಬಳ್ಳಾಪುರದ ಅಪಾರೆಲ್ ಪಾರ್ಕಿಗೆ ತೆಗೆದುಕೊಂಡು ಹೋಗಿ. ಯುರೋಪಿಗೆ ಹೋಗುವ ಅಂಗಿಯ ಪಕ್ಕೆಯೊಳಗೆ ಹೊಲಿಯುವ ಸ್ಯಾಟಿನ್ ಚೀಟಿಯಲ್ಲಿ ನೂಲಿನ ವಿವರ ಫ್ರೆಂಚ್, ಜರ್ಮನ್, ಸ್ಪ್ಯಾನಿಷ್, ಪೋಲಿಷ್ ಎಂದು ಸಾಲುಗಟ್ಟಿರುತ್ತದೆ, ಏಕೆಂದರೆ ಅಲ್ಲಿನ 1007/2011 ನಿಯಮ ಮಾರುವ ದೇಶದ ಭಾಷೆ ಬೇಕೆನ್ನುತ್ತದೆ. ಅದನ್ನು ಹೊಲಿಯುವ ಹೆಣ್ಣುಮಕ್ಕಳಲ್ಲಿ ಅದನ್ನು ಓದಬಲ್ಲವರು ಇರಲಾರರು. ಎರಡು ಬೆರಳಗಲದ ಬಟ್ಟೆಯಲ್ಲಿ ಅಷ್ಟು ಭಾಷೆಗೆ ಜಾಗ ಸಿಕ್ಕಿತು.

ಒತ್ತಕ್ಷರದ ತೊಂದರೆ

ಹಾಗಾದರೆ ಜಾಗದ ಉತ್ತರಕ್ಕೆ ಎಲ್ಲಿಯ ತೂಕ? ಅಕ್ಷರದ ಆಕಾರದಲ್ಲಿ. ಸಣ್ಣ ಬಾಟಲಿಗಳ ಮೇಲೆ ಅಕ್ಷರದ ಎತ್ತರ ಒಂದು, ಒಂದೂವರೆ ಮಿಲಿಮೀಟರಿಗೆ ಇಳಿಯುತ್ತದೆ. ಇಂಗ್ಲಿಷ್ ಅಕ್ಷರ ಆ ಅಳತೆಯಲ್ಲೂ ಹೇಗೋ ಓದಿಸಿಕೊಳ್ಳುತ್ತದೆ. ಕನ್ನಡಕ್ಕೆ ಮೇಲೆ ಗುಣಿತ, ಕೆಳಗೆ ಒತ್ತು. ಉಪ್ಪು, ಎಣ್ಣೆ, ಸಕ್ಕರೆ, ಬೆಳ್ಳುಳ್ಳಿ, ಕೊತ್ತಂಬರಿ, ಮೆಂತ್ಯ: ನಮ್ಮ ಅಡುಗೆಮನೆಯ ಪದಗಳಲ್ಲಿ ಒತ್ತಿಲ್ಲದವನ್ನು ಹುಡುಕಬೇಕು. ಮೂಲಾಕ್ಷರ ಒಂದು ಮಿಲಿಮೀಟರಾದರೆ ಒತ್ತು ಅದಕ್ಕೂ ಸಣ್ಣದು. ಫ್ಲೆಕ್ಸೊದ ಮೆತ್ತನೆಯ ಪ್ಲೇಟು ಒತ್ತಿದಾಗ ಶಾಯಿ ಸ್ವಲ್ಪ ಹರಡುತ್ತದೆ, ಅಕ್ಷರದ ಹೊಟ್ಟೆ ತುಂಬಿಕೊಳ್ಳುತ್ತದೆ. ಮಹಾಪ್ರಾಣದ ಸೀಳು ಮೊದಲು ಮುಚ್ಚಿಹೋಗುತ್ತದೆ: ಧನಿಯಾ ದನಿಯಾ ಆಗುತ್ತದೆ. ಬಣ್ಣದ ಹಿನ್ನೆಲೆಯಲ್ಲಿ ಬಿಳಿ ಅಕ್ಷರ ಬಿಟ್ಟರಂತೂ ಒತ್ತುಗಳು ಉಳಿಯುವುದೇ ಇಲ್ಲ.

ಎರಡನೆಯ ತೊಂದರೆ ಫಾಂಟಿನದ್ದು. ಲೇಬಲ್ ಡಿಸೈನು ಆಗುವುದು ಇಲ್ಲಸ್ಟ್ರೇಟರಿನಲ್ಲಿ ಅಥವಾ ಕೋರಲ್‌ಡ್ರಾದಲ್ಲಿ, ಅನೇಕ ಸಲ ಕನ್ನಡ ಬಾರದವರ ಕೈಯಲ್ಲಿ. ಹಳೆಯ ನುಡಿ, ಶ್ರೀಲಿಪಿ ಅಕ್ಷರಗಳನ್ನು ಯುನಿಕೋಡಿಗೆ ತಿರುಗಿಸುವಾಗ ಒಂದಷ್ಟು ಕೆಡುತ್ತದೆ. ಸಾಫ್ಟ್‌ವೇರಿನಲ್ಲಿ ಭಾರತೀಯ ಲಿಪಿಗಳಿಗೆಂದೇ ಇರುವ ಆಯ್ಕೆಯನ್ನು ಒತ್ತದಿದ್ದರೆ ಒತ್ತಕ್ಷರ ಒಡೆದು ‘ಉಪ್‌ಪು’ ಎಂದು ಬರುತ್ತದೆ. ಅದನ್ನೇ ಕರ್ವ್‌ಗೆ ಬದಲಿಸಿ ಪ್ರೆಸ್ಸಿಗೆ ಕಳಿಸುತ್ತಾರೆ. ಅಲ್ಲಿ ತಿದ್ದಲು ಆಗುವುದಿಲ್ಲ, ಏಕೆಂದರೆ ಈಗ ಅದು ಅಕ್ಷರವಲ್ಲ, ಚಿತ್ರ. ಹೀಗೆ ಒಡೆದ ಕನ್ನಡ ದೊಡ್ಡ ದೊಡ್ಡ ಕಂಪನಿಗಳ ಪ್ಯಾಕೆಟ್ಟಿನ ಮೇಲೂ ರಾಜ್ಯವೆಲ್ಲ ಸುತ್ತುತ್ತಿದೆ. ಯಂತ್ರ ಮಾಡಿದ ತಪ್ಪಲ್ಲ ಇದು. ಪ್ರೂಫ್ ಓದದವರ ತಪ್ಪು.

ಎರಡಕ್ಕೂ ಪರಿಹಾರ ಗೊತ್ತಿರುವಂಥದ್ದೇ. ಹೊಟ್ಟೆ ಅಗಲವಾಗಿರುವ, ತೆಳುವೂ ಅಲ್ಲದ ದಪ್ಪವೂ ಅಲ್ಲದ ಫಾಂಟು ಆರಿಸಬೇಕು. ಕನ್ನಡವನ್ನು ಒಂದೇ ಬಣ್ಣದಲ್ಲಿ, ಕಪ್ಪಿನಲ್ಲಿ, ತಿಳಿ ಹಿನ್ನೆಲೆಯ ಮೇಲೆ ಇಡಬೇಕು. ಇಂಗ್ಲಿಷ್ ಮಾಹಿತಿ ಹೇಗೂ ಕಪ್ಪು ಪ್ಲೇಟಿನಲ್ಲಿ ಇರುತ್ತದೆ. ಕನ್ನಡವೂ ಅದೇ ಪ್ಲೇಟಿನಲ್ಲಿ ಕೂರುತ್ತದೆ. ಹೊಸ ಪ್ಲೇಟು, ಹೊಸ ಬಣ್ಣ ಯಾವುದೂ ಬೇಡ. ತಮಿಳುನಾಡಿಗೊಂದು, ಆಂಧ್ರಕ್ಕೊಂದು ಎಂದು ಬೇರೆ ಭಾಷೆಯ ಲಾಟ್ ಬೇಕಾದರೆ ಫ್ಲೆಕ್ಸೊದಲ್ಲಿ ಆ ಕಪ್ಪು ಪ್ಲೇಟೊಂದನ್ನೇ ಬದಲಿಸಿದರೆ ಸಾಕು. ಡಿಜಿಟಲ್ಲಿನಲ್ಲಾದರೆ ಅದೂ ಇಲ್ಲ. ಕನ್ವರ್ಟರುಗಳನ್ನು ಕಂಗೆಡಿಸಿದ ಸಣ್ಣ ಲಾಟೇ ಕನ್ನಡಕ್ಕೆ ಅನುಕೂಲವಾಗಿ ಬಂದಿದೆ: ಲಕ್ಷಗಟ್ಟಲೆ ಅಚ್ಚಾಗಿ ಗೋದಾಮಿನಲ್ಲಿ ಕೂತ ಲೇಬಲ್ ಖಾಲಿಯಾಗುವವರೆಗೆ ಕಾಯಬೇಕಾಗಿಲ್ಲ, ಮುಂದಿನ ಲಾಟ್ ಬಹುಶಃ ಮುಂದಿನ ತಿಂಗಳೇ ಇದೆ.

ಕ್ಯೂಆರ್ ಕೋಡಿನೊಳಗೆ ಕನ್ನಡ ಇಟ್ಟರಾಯಿತಲ್ಲ ಎನ್ನುವವರೂ ಇದ್ದಾರೆ. ಹೆಚ್ಚುವರಿ ವಿವರಕ್ಕೆ ಅದು ಸರಿ. ಪದಾರ್ಥಗಳ ಪಟ್ಟಿ, ಬಳಸುವ ಕ್ರಮ, ಅವಧಿ, ಇವು ಬರಿಗಣ್ಣಿಗೆ ಕಾಣಬೇಕು. ಅಂಗಡಿಯಲ್ಲಿ ನಿಂತ ಅಜ್ಜಿ ಫೋನು ತೆಗೆದು, ಕ್ಯಾಮೆರಾ ಹಿಡಿದು, ನೆಟ್‌ವರ್ಕಿಗೆ ಕಾದು ಉಪ್ಪಿನ ಪ್ರಮಾಣ ಓದುತ್ತಾಳೆ ಎಂದುಕೊಂಡರೆ ಅದು ಓದಿಸದೇ ಇರಲು ಹುಡುಕಿದ ದಾರಿ.

ಆದ್ದರಿಂದ ಎರಡು ಕೋರಿಕೆ. ಕೊಡಿಗೇಹಳ್ಳಿ, ಯಲಹಂಕ, ಹೆಬ್ಬಾಳದ ಮನೆಗಳಿಂದ ಪುಡಿ, ಹಪ್ಪಳ, ಎಣ್ಣೆ ಮಾರುತ್ತಿರುವವರು ಮುಂದಿನ ಆರ್ಟ್‌ವರ್ಕ್ ಕಳಿಸುವ ಮುನ್ನ ಪದಾರ್ಥಗಳ ಪಟ್ಟಿಯನ್ನೂ ಬಳಸುವ ಕ್ರಮವನ್ನೂ ಕನ್ನಡದಲ್ಲಿ ಸೇರಿಸಿ, ಕಪ್ಪಿನಲ್ಲೇ ಇಡಲು ಹೇಳಿ, ಪರದೆಯ ಮೇಲಲ್ಲ, ಅಳತೆಗೆ ಅಚ್ಚಾದ ಪ್ರೂಫ್ ತರಿಸಿಕೊಂಡು ಓದಿ ನೋಡಿ. ಕೊಳ್ಳುವವರು ಪ್ಯಾಕೆಟ್ಟಿನ ಹಿಂದೆ ಕನ್ನಡ ಕಾಣದಿದ್ದರೆ ಅಲ್ಲೇ ಇರುವ ಗ್ರಾಹಕ ಸೇವೆಯ ನಂಬರಿಗೆ ಫೋನ್ ಮಾಡಿ ಕೇಳಿ. ಆ ನಂಬರ್ ಅಲ್ಲಿರುವುದು ಕಂಪನಿಯ ಔದಾರ್ಯದಿಂದಲ್ಲ, ಕಾನೂನು ಕಡ್ಡಾಯ ಮಾಡಿರುವುದರಿಂದ.